ಹಳೇ ಆಟದ ರೈಲು ಓಡ್ತಾ ಇಲ್ವಾ? ಮೋಟಾರು ಸತ್ತೋಯ್ತು ಅಂತ ಆತುರ ಪಡಬೇಡಿ

ಹೋದ ಸಂಚಿಕೆಲಿ ಮಿಕ್ಸಿ ಬ್ರಶ್ ಬಗ್ಗೆ ಬರೀತಾ, ಹಳೇ ಇಂಗ್ಲಿಷ್ ಆಟದ ರೈಲಿನ ಇಂಜಿನ್ನನ್ನೂ ನಮ್ಮ ಅಂಗಡಿಲಿ ರಿಪೇರಿ ಮಾಡಿದ್ದೀನಿ ಅಂತ ಒಂದೇ ಒಂದು ಸಾಲು ಸೇರಿಸಿದ್ದೆ. ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ನಂಗೆ ತುಂಬಾ ಖುಷಿ ಆಯ್ತು. ನಾನು ಹಾಸನದಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡೋನು, ಸಕಲೇಶಪುರ ಕಡೆ ತೋಟದವರೊಬ್ರು ಪಂಪು ಕೊಡೋಕೆ ಬಂದಾಗ ಜೀಪಲ್ಲಿ ಒಂದು ಬಿಸ್ಕತ್ ಡಬ್ಬಿ ಇಟ್ಕೊಂಡು ಬಂದಿದ್ರು, ಅದರೊಳಗೆ ಅಂಗೈಯಷ್ಟುದ್ದದ ರೈಲ್ ಇಂಜಿನ್ನು, ಇದನ್ನೂ ನೋಡ್ತೀರಾ ಅಂದ್ರು, ಅಲ್ಲಿಂದ ಶುರುವಾಗಿದ್ದು. ಐದು ಎಚ್‌ಪಿ ಮೋಟಾರಿಗೂ ಬೆರಳಷ್ಟಿರೋ ಈ ಮೋಟಾರಿಗೂ ಒಳಗಿನ ಲೆಕ್ಕ ಹತ್ತಿರ ಹತ್ತಿರಾನೇ ಇರುತ್ತೆ, ಕೈ ಮಾತ್ರ ಹಗುರ ಇರಬೇಕು. ಎಲ್ಲಾ ಪತ್ರಕ್ಕೂ ಉತ್ತರ ಬರೆಯೋಕೆ ಜಾಗ ಇಲ್ಲ, ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಬರೀತಿದ್ದೀನಿ.

ಪ್ರಶ್ನೆ: ತಾತನ ಕಾಲದ ಬಂಗಲೆ ಅಟ್ಟ ಕ್ಲೀನ್ ಮಾಡ್ವಾಗ ಟ್ರೈ-ಆಂಗ್ ಅಂತ ಬರೆದಿರೋ ಪೆಟ್ಟಿಗೆ ಸಿಕ್ತು ಸಾರ್, ಕಪ್ಪು ಟ್ಯಾಂಕ್ ಇಂಜಿನ್ನು, ಮೂರು ಬೋಗಿ, ಹಳಿ ಎಲ್ಲಾ ಇದೆ. 12 ವೋಲ್ಟ್ ಅಡಾಪ್ಟರ್ ಕೊಟ್ಟು ನೋಡಿದೆ, ಗುಂಯ್ ಅಂತ ಸದ್ದು ಬರುತ್ತೆ, ಗಾಲಿ ತಿರುಗಲ್ಲ, ಎರಡು ನಿಮಿಷಕ್ಕೆ ಮಿಕ್ಸಿ ಸುಟ್ಟ ವಾಸನೆ ಬಂತು, ಆಫ್ ಮಾಡಿದೆ. ಮೋಟಾರು ಹೋಯ್ತಾ? (ಮೂಡಿಗೆರೆಯಿಂದ ಒಬ್ಬ ಓದುಗರು)

ಉತ್ತರ: ಆಫ್ ಮಾಡಿದ್ದು ಬಹಳ ಒಳ್ಳೇದಾಯ್ತು. ಗುಂಯ್ ಅಂತಿದೆ ಅಂದ್ರೆ ಕರೆಂಟು ಆರ್ಮೇಚರಿಗೆ, ಅಂದ್ರೆ ತಂತಿ ಸುತ್ತಿರೋ ತಿರುಗೋ ಭಾಗಕ್ಕೆ, ಹೋಗ್ತಾ ಇದೆ, ಮೋಟಾರು ಜೀವಂತ ಇದೆ, ತಿರುಗೋಕೆ ಬಿಡ್ತಿಲ್ಲ ಅಷ್ಟೇ. ತಿರುಗದೆ ನಿಂತ ಮೋಟಾರಿಗೆ ಕರೆಂಟು ಕೊಡ್ತಾ ಹೋದ್ರೆ ಅದಷ್ಟೂ ಬಿಸಿಯಾಗಿ ತಂತಿ ಮೇಲಿನ ಎನಾಮೆಲ್ ಸುಡುತ್ತೆ, ಪಂಪ್ ಜಾಮ್ ಆದಾಗ ಆಗೋದೂ ಇದೇ. ಇನ್ಮೇಲೆ ಯಾವ ಹಳೇ ಇಂಜಿನ್ನಿಗಾದ್ರೂ ಬಿಚ್ಚಿ ನೋಡದೆ ಕರೆಂಟು ಕೊಡಬೇಡಿ.

ನಿಮ್ದು ಐವತ್ತು ಅರವತ್ತರ ದಶಕದ್ದು ಆಗಿದ್ರೆ ಒಳಗಿರೋದು ಹೆಚ್ಚುಕಮ್ಮಿ ಎಕ್ಸ್-04 ಅನ್ನೋ ಮೋಟಾರು. ಟ್ರೈ-ಆಂಗ್ ಅಂದ್ರೆ ಇಂಗ್ಲಿಷ್ ಆಟದ ರೈಲಿನ ಕಂಪನಿ, ಅವರು ವರ್ಷಗಟ್ಟಲೆ ಬಹುಪಾಲು ಇಂಜಿನ್‌ಗಳಿಗೆ ಇದೊಂದನ್ನೇ ಹಾಕಿದ್ರು, ಅದಕ್ಕೇ ಇವತ್ತಿಗೂ ಇದರ ಬಿಡಿಭಾಗ ಸಿಗುತ್ತೆ. ಪ್ಲಾಸ್ಟಿಕ್ ಬಾಡಿ ಎತ್ತಿದ ತಕ್ಷಣ ಬೆತ್ತಲೆ ಮೋಟಾರು ಕಾಣುತ್ತೆ, ಮುಚ್ಚಳ ಗಿಚ್ಚಳ ಏನೂ ಇಲ್ಲ, ಎರಡು ಕಬ್ಬಿಣದ ತುಂಡುಗಳ ಮಧ್ಯೆ ಮೂರು ಹಲ್ಲಿನ ಆರ್ಮೇಚರು, ಒಂದು ತುದಿಲಿ ಸುರುಳಿಗಳಿಗೆ ಕರೆಂಟು ಹಂಚೋ ತಾಮ್ರದ ಕಮ್ಯುಟೇಟರ್, ಇನ್ನೊಂದು ತುದಿಲಿ ಸ್ಕ್ರೂ ಥರ ಕಾಣೋ ವರ್ಮ್ ಗೇರು, ಅದು ಗಾಲಿ ಆಕ್ಸಲ್ ಮೇಲಿರೋ ಹಲ್ಲುಗಾಲಿನ ತಿರುಗಿಸುತ್ತೆ.

ಮೊದಲು ಮೋಟಾರ್ ಹಿಡಿದಿರೋ ಸ್ಕ್ರೂ ತೆಗೆದು ಮೋಟಾರನ್ನ ಚಾಸಿಯಿಂದ, ಅಂದ್ರೆ ಗಾಲಿ ಇರೋ ಅಡಿ ಚೌಕಟ್ಟಿಂದ, ಎತ್ತಿ ಪಕ್ಕಕ್ಕಿಡಿ, ಹಿಂಗೆ ಬೇರೆ ಮಾಡಿದ್ರೆ ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತೆ. ಈಗ ಚಾಸಿನ ಗಾಜಿನ ಮೇಲಿಟ್ಟು ಮೆತ್ತಗೆ ತಳ್ಳಿ, ಗಾಲಿ ಉರುಳಬೇಕು. ಉರುಳಲಿಲ್ಲ ಅಂದ್ರೆ ತಪ್ಪು ಮೋಟಾರಿಂದಲ್ಲ, ಆಕ್ಸಲ್ಲಲ್ಲೋ ಗಾಲಿಗಳನ್ನ ಸೇರಿಸೋ ರಾಡಲ್ಲೋ ಗಟ್ಟಿಯಾಗಿರೋ ಹಳೇ ಎಣ್ಣೆದು. ಅರವತ್ತು ವರ್ಷದ ಗ್ರೀಸು ಆಲೆಮನೆ ಕೊಪ್ಪರಿಗೆ ತಳದಲ್ಲಿ ಅಂಟ್ಕೊಂಡಿರೋ ಪಾಕದ ಥರ ಆಗಿರುತ್ತೆ, ಅದರಲ್ಲಿ ಗೇರು ಕಚ್ಕೊಂಡು ಕೂತಿರುತ್ತೆ. ಹತ್ತಿ ಕಡ್ಡಿನ ಐಸೋಪ್ರೊಪೈಲ್ ಆಲ್ಕೊಹಾಲಲ್ಲಿ ಅದ್ದಿ ನೆನೆಸ್ತಾ ಒರೆಸ್ತಾ ಇರಿ, ಹಲ್ಲಿನ ಸಂದಿಗೆ ಹಳೇ ಟೂತ್ ಬ್ರಶ್ಶು. ಒಂದೇ ದಿನಕ್ಕೆ ಬಿಡಲಿಲ್ಲ ಅಂದ್ರೆ ನಾಳೆ ಮಾಡಿ, ಇಕ್ಕಳ ಹಾಕಿ ಗಾಲಿ ತಿರುಚೋಕೆ ಮಾತ್ರ ಹೋಗಬೇಡಿ, ಆಕ್ಸಲ್ ಮೇಲೆ ಗಾಲಿ ಸ್ವಲ್ಪ ಜರುಗಿದ್ರೂ ಎಡಗಡೆ ರಾಡು ಬಲಗಡೆ ರಾಡು ಒಂದಕ್ಕೊಂದು ಹೊಂದದೆ ಹೋಗುತ್ತೆ, ಆಮೇಲೆ ಅದನ್ನ ಸರಿ ಮಾಡೋದು ಮೋಟಾರ್ ರಿಪೇರಿಗಿಂತ ಕಷ್ಟ.

ಇನ್ನು ಪಕ್ಕಕ್ಕಿಟ್ಟ ಮೋಟಾರು. ವರ್ಮ್ ಹಿಡಿದು ಬೆರಳಲ್ಲಿ ತಿರುಗಿಸಿ. ಅಲ್ಲಲ್ಲಿ ಮ್ಯಾಗ್ನೆಟ್ ಹಿಡಿದು ಹಿಡಿದು ಬಿಟ್ಟಂಗೆ ಆದ್ರೆ ಅದು ಸರಿಯಾಗೇ ಇದೆ ಅಂತ ಅರ್ಥ. ಕಮ್ಯುಟೇಟರಿಗೆ ಕರೆಂಟು ಮುಟ್ಟಿಸೋ ಕಾರ್ಬನ್ ತುಂಡು, ಅಂದ್ರೆ ಬ್ರಶ್, ಎರಡನ್ನೂ ಒಂದೇ ತಂತಿ ಸ್ಪ್ರಿಂಗು ಒತ್ತಿ ಹಿಡಿದಿರುತ್ತೆ, ಆ ಸ್ಪ್ರಿಂಗಿನ ಒಂದು ಕಾಲಿಗೆ ಕರೆಂಟು ಹಾಯದ ಸಣ್ಣ ಸ್ಲೀವ್ (ಕೊಳವೆ) ಇರುತ್ತೆ, ದಯವಿಟ್ಟು ಅದನ್ನ ಕಳ್ಕೋಬೇಡಿ, ಸ್ಪ್ರಿಂಗ್ ತೆಗೆಯೋ ಮುಂಚೆ ಮೊಬೈಲಲ್ಲಿ ಫೋಟೋ ತೆಗೆದಿಟ್ಕೊಳ್ಳಿ. ಯಾಕಂದ್ರೆ ಈ ಇಂಜಿನ್ನುಗಳಲ್ಲಿ ಒಂದು ಹಳಿ ಕರೆಂಟು ಚಾಸಿ ಮೂಲಕಾನೇ ಒಂದು ಬ್ರಶ್ಶಿಗೆ ಹೋಗುತ್ತೆ, ಇನ್ನೊಂದು ಹಳಿದು ಕರೆಂಟು ಎತ್ಕೊಳ್ಳೋ ತಗಡಿನ (ಪಿಕಪ್) ಮೂಲಕ ಬೇರೆ ವೈರಲ್ಲಿ ಬರುತ್ತೆ, ಎರಡನ್ನೂ ಬೇರೆ ಇಡೋದು ಆ ಚಿಕ್ಕ ಸ್ಲೀವ್ ಒಂದೇ. ಅದು ಹರಿದಿದ್ರೆ, ಇಲ್ಲಾ ಸ್ಪ್ರಿಂಗ್ ಉಲ್ಟಾ ಹಾಕಿದ್ರೆ ನೇರ ಶಾರ್ಟು. ಸ್ಲೀವ್ ಹೋಗಿದ್ರೆ ತೆಳ್ಳನೆ ವೈರಿಂದ ಎರಡು ಮಿಲಿಮೀಟರ್ ಪ್ಲಾಸ್ಟಿಕ್ ಸಿಪ್ಪೆ ಎಳೆದು ಹಾಕಿ ಸಾಕು.

ಕಮ್ಯುಟೇಟರ್ ಕಪ್ಪಗಿರುತ್ತೆ, ಅದೇ ಹತ್ತಿ ಕಡ್ಡಿಲಿ ಒರೆಸಿದ್ರೆ ತಾಮ್ರದ ಬಣ್ಣ ಬರುತ್ತೆ. ಎಮರಿ ಪೇಪರ್ ಬೇಡ, ಅದರ ಪುಡಿ ಸಂದಿಲಿ ಕೂತ್ಕೊಂಡ್ರೆ ಹೊಸ ತಲೆನೋವು. ಮೂರು ತಾಮ್ರದ ತುಂಡುಗಳ ಮಧ್ಯೆ ಮೂರು ಸಂದಿ ಇರುತ್ತೆ ನೋಡಿ, ಬ್ರಶ್ ಸವೆದು ಬಂದ ಕಾರ್ಬನ್ ಪುಡಿ ಎಣ್ಣೆ ಜೊತೆ ಸೇರಿ ಅಲ್ಲಿ ತುಂಬ್ಕೊಂಡಿರುತ್ತೆ, ಕಾರ್ಬನ್ ಕರೆಂಟು ಹಾಯಿಸೋ ವಸ್ತು, ಹಂಗಾಗಿ ಕರೆಂಟು ಸುರುಳಿಗೆ ಹೋಗೋ ಬದಲು ಆ ಸಂದಿ ದಾಟಿ ಹೋಗ್ಬಿಡುತ್ತೆ, ಮೋಟಾರು ಬಿಸಿಯಾಗುತ್ತೆ, ಶಕ್ತಿ ಇರಲ್ಲ. ಮರದ ಟೂತ್‌ಪಿಕ್ ತುದಿ ಚೂಪು ಮಾಡಿ ಆ ಮೂರು ಸಂದಿನೂ ಗೀರಿ ತೆಗೀರಿ. ಸೂಜಿ ಬೇಡ. ನನ್ನ ಹತ್ರ ಬಂದ "ಸತ್ತ" ಎಕ್ಸ್-04ಗಳಲ್ಲಿ ಹೆಚ್ಚಿನವು ಇದೊಂದು ಕೆಲಸಕ್ಕೇ ಎದ್ದು ಕೂತವು, ಒಂದು ಬಿಡಿಭಾಗನೂ ಬದಲಾಯಿಸಿಲ್ಲ.

ಬ್ರಶ್ ಪೂರ್ತಿ ಸವೆದು ಹಿತ್ತಾಳೆ ಹಿಡಿಕೆ ಕಮ್ಯುಟೇಟರಿಗೆ ತಾಗೋ ಹಂಗಿದ್ರೆ ಬದಲಾಯಿಸಲೇಬೇಕು. ಕೊನೇಲಿ ಶಾಫ್ಟ್ ಕೂರೋ ಎರಡೂ ತುದಿ ಬುಷ್ಷಿಗೆ ಸೂಜಿ ಮೊನೆಲಿ ಒಂದೊಂದು ಹನಿ ಎಣ್ಣೆ, ಬುಷ್ ಹತ್ರ ಸಣ್ಣ ಫೆಲ್ಟ್ ಇದ್ರೆ ಅದಕ್ಕೆ ಕೊಡಿ, ಅದು ನಿಧಾನಕ್ಕೆ ಎಣ್ಣೆ ಬಿಡ್ತಾ ಇರುತ್ತೆ. ಕಮ್ಯುಟೇಟರ್ ಮೇಲೆ ಎಣ್ಣೆ ಬೀಳಲೇಬಾರದು. ಆಮೇಲೆ ಮೋಟಾರೊಂದಕ್ಕೇ ಐದಾರು ವೋಲ್ಟ್ ಕೊಟ್ಟು ಎರಡೂ ದಿಕ್ಕಲ್ಲಿ ಓಡಿಸಿ, ಸರಿ ಅನ್ನಿಸಿದ ಮೇಲೆ ಚಾಸಿಗೆ ಹಾಕಿ. ಸರಿಯಾಗಿರೋ ಮೋಟಾರು ಅರ್ಧ ಆಂಪಿಯರ್ ಒಳಗೇ ಓಡುತ್ತೆ. ವಾಸನೆ ಬಂದಿತ್ತು ಅಂದ್ರಲ್ಲ, ಆರ್ಮೇಚರ್ ತಂತಿ ಬಣ್ಣ ನೋಡಿ, ಕರ್ರಗೆ ಸೀದಿಲ್ಲ ಅಂದ್ರೆ ಚಿಂತೆ ಬೇಡ.

ಪ್ರಶ್ನೆ: ಹಾರ್ನ್‌ಬಿ ಡಬ್ಲೋ ಅನ್ನೋ ಹಳೇ ಇಂಗ್ಲಿಷ್ ಆಟದ ರೈಲಿನ ಇಂಜಿನ್ ಮೋಟಾರನ್ನ ಚೆನ್ನಾಗಿ ತೊಳೀಬೇಕು ಅಂತ ಪೂರ್ತಿ ಬಿಚ್ಚಿ, ಮ್ಯಾಗ್ನೆಟ್ಟನ್ನೂ ಹೊರಗೆ ತೆಗೆದು ಕ್ಲೀನ್ ಮಾಡಿ ವಾಪಸ್ ಹಾಕಿದೆ. ಈಗ ಖಾಲಿ ಓಡಿಸಿದ್ರೆ ಮುಂಚೆಗಿಂತ ಜೋರಾಗಿ ಓಡುತ್ತೆ, ಬೋಗಿ ಹಾಕಿದ್ರೆ ನಿಂತ್ಕೊಳ್ಳುತ್ತೆ, ಕೈ ಇಡೋಕಾಗದಷ್ಟು ಬಿಸಿ. ಎಲ್ಲಿ ತಪ್ಪಿದೆ? (ಸಕಲೇಶಪುರದಿಂದ)

ಉತ್ತರ: ನಿಮ್ಮ ಪತ್ರ ಓದಿ ನಂಗೆ ನಿಜಕ್ಕೂ ಸಂಕಟ ಆಯ್ತು, ಯಾಕಂದ್ರೆ ಮೇಲೆ ಹೇಳಿದ ಬಿಸ್ಕತ್ ಡಬ್ಬಿ ಇಂಜಿನ್ನಿಗೆ ನಾನು ಮಾಡಿದ್ದೂ ಇದನ್ನೇ. ಮ್ಯಾಗ್ನೆಟ್ ಶಕ್ತಿ ಇಳಿದಿದೆ.

ಆ ಕಾಲದ ಮ್ಯಾಗ್ನೆಟ್ಟು ಆಲ್ನಿಕೋ ಅಂತ, ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಮೂರನ್ನೂ ಕಬ್ಬಿಣದ ಜೊತೆ ಸೇರಿಸಿದ್ದು. ಶಕ್ತಿ ಚೆನ್ನಾಗಿರುತ್ತೆ, ಆದ್ರೆ ಅದರ ಎರಡು ತುದಿ ಮಧ್ಯೆ ಯಾವಾಗ್ಲೂ ಕಬ್ಬಿಣದ ದಾರಿ ಇರಬೇಕು. ಮೋಟಾರೊಳಗಿದ್ದಾಗ ಪಕ್ಕದ ಕಬ್ಬಿಣದ ತುಂಡುಗಳು, ಮಧ್ಯದ ಆರ್ಮೇಚರು ಸೇರಿ ಆ ದಾರಿ ಆಗಿರುತ್ತೆ. ನೀವು ಅದನ್ನ ಬರಿಗೈಲಿ ಎಳೆದ ಕ್ಷಣನೇ ದಾರಿ ಕಡಿದು, ಶಕ್ತಿಲಿ ಒಂದು ದೊಡ್ಡ ಪಾಲು ಹೋಯ್ತು, ವಾಪಸ್ ಹಾಕಿದ್ರೂ ಅದು ತಾನಾಗೇ ಬರಲ್ಲ. ಆರ್ಮೇಚರ್ ಒಂದನ್ನೇ ಎಳೆದು ತೆಗೆದ್ರೂ ಇದೇ ಥರ ಆಗಬಹುದು.

ಖಾಲಿ ಜೋರಾಗಿ ಓಡುತ್ತೆ ಅಂತ ಬರೆದ್ರಲ್ಲ, ಅದು ಬಹಳ ಜನಕ್ಕೆ ಗೊಂದಲ. ಮೋಟಾರು ತಿರುಗ್ವಾಗ ತಾನೇ ಒಂದು ಡೈನಮೋನೂ ಆಗಿರುತ್ತೆ, ಒಳಗೆ ಉಲ್ಟಾ ವೋಲ್ಟೇಜ್ ಹುಟ್ಟಿಸಿ ಬರೋ ಕರೆಂಟನ್ನ ತಡೀತಾ ಇರುತ್ತೆ. ಮ್ಯಾಗ್ನೆಟ್ ವೀಕ್ ಆದ್ರೆ ಆ ಉಲ್ಟಾ ವೋಲ್ಟೇಜು ಹುಟ್ಟಬೇಕಾದ್ರೆ ಇನ್ನೂ ಜೋರಾಗಿ ತಿರುಗಬೇಕು, ಅದಕ್ಕೆ ಖಾಲಿ ಓಟ ಜಾಸ್ತಿ. ಭಾರ ಬಿದ್ದು ಸ್ಪೀಡ್ ಇಳಿದ್ರೆ ತಡೆಯೋದು ಏನೂ ಇಲ್ಲ, ಕರೆಂಟು ನುಗ್ಗುತ್ತೆ, ಎಳೆಯೋ ಬಲ ಬರಲ್ಲ, ಬಂದ ಕರೆಂಟೆಲ್ಲಾ ಬಿಸಿಯಾಗಿ ಹೋಗುತ್ತೆ. ಜೋರಾದ ಖಾಲಿ ಓಟ, ಬಿಸಿ, ಬೋಗಿ ಎಳೆಯಲ್ಲ, ಈ ಮೂರೂ ಒಟ್ಟಿಗೆ ಕಂಡ್ರೆ ಬೇರೆ ಏನನ್ನೂ ಹುಡುಕಬೇಡಿ.

ದಾರಿ ಎರಡಿದೆ. ಅದೇ ಮ್ಯಾಗ್ನೆಟ್ಟನ್ನ ಮತ್ತೆ ಚಾರ್ಜ್ ಮಾಡಿಸೋದು, ಮೋಟಾರು ಪೂರ್ತಿ ಜೋಡಿಸಿದ ಮೇಲೆ ಹೊರಗಿಂದ ದಪ್ಪ ಕಾಯಿಲ್ಲಲ್ಲಿ ಒಂದು ಕ್ಷಣ ಭಾರೀ ಕರೆಂಟು ಹೊಡೆಸಬೇಕು, ಬಿಚ್ಚಿ ಚಾರ್ಜ್ ಮಾಡಿ ಆಮೇಲೆ ಜೋಡಿಸಿದ್ರೆ ಮತ್ತೆ ಅದೇ ಕಥೆ. ಇನ್ನೊಂದು, ಈಗ ಸಿಗೋ ನಿಯೋಡಿಮಿಯಂ ಮ್ಯಾಗ್ನೆಟ್. ಚಿಕ್ಕ ತುಂಡಲ್ಲೇ ಬಹಳ ಶಕ್ತಿ ಇರುತ್ತೆ, ಹಳೇದಕ್ಕಿಂತ ಚಿಕ್ಕದಾಗಿದ್ರೆ ಉಳಿದ ಜಾಗ ಮೆತು ಕಬ್ಬಿಣದ ತುಂಡಿಂದ ತುಂಬಿಸಬೇಕು, ಅಲ್ಯೂಮಿನಿಯಂ ಹಿತ್ತಾಳೆ ಹಾಕಿದ್ರೆ ಪ್ರಯೋಜನ ಇಲ್ಲ, ಅದರಲ್ಲಿ ಆ ದಾರಿ ಆಗಲ್ಲ. ಒಳಗೆ ಆರ್ಮೇಚರು ಉಜ್ಜದೆ ತಿರುಗೋಷ್ಟು ಸಂದಿ ಉಳಿದಿದೆಯಾ ಅಂತ ನೋಡಿ. ನಂದು ಹಂಗೇ ಸರಿಯಾಯ್ತು, ಈಗ ಮುಂಚೆಗಿಂತ ಕಮ್ಮಿ ಕರೆಂಟಲ್ಲಿ ಓಡುತ್ತೆ. ಆದ್ರೂ ಹಳೇ ಮ್ಯಾಗ್ನೆಟ್ಟನ್ನ ಬಿಸಾಕಬೇಡಿ, ಪೆಟ್ಟಿಗೆಲೇ ಇರಲಿ, ಅದು ಆ ಇಂಜಿನ್ನಿಂದೇ.

ಪ್ರಶ್ನೆ: ನಮ್ಮ ಮಾವ ಕೊಟ್ಟ ಹಾರ್ನ್‌ಬಿ ಡಬ್ಲೋ ಇಂಜಿನ್ನಿಗೆ ಹಳಿ ಇರಲಿಲ್ಲ, ಆನ್‌ಲೈನಲ್ಲಿ ಹೊಸ ಹಳಿ ತರಿಸಿದೆ, ಅಗಲ ಸರಿಯಾಗಿ ಕೂರುತ್ತೆ, ಇಂಜಿನ್ ಇಟ್ಟ ತಕ್ಷಣ ಅಡಾಪ್ಟರ್ ಟ್ರಿಪ್ ಆಗುತ್ತೆ. (ಅರಸೀಕೆರೆಯಿಂದ)

ಉತ್ತರ: ಇಂಜಿನ್ ತಲೆಕೆಳಗು ಮಾಡಿ ನೋಡಿ ಸಾರ್, ಹೊಟ್ಟೆ ಮಧ್ಯದಲ್ಲಿ ಒಂದು ಸ್ಪ್ರಿಂಗ್ ತಗಡು ಇದ್ಯಾ? ಇದ್ರೆ ಅದು ಮೂರು ಹಳಿದು. ಲಿವರ್‌ಪೂಲಿನ ಮೆಕ್ಯಾನೋ ಕಂಪನಿ 1938ರಲ್ಲಿ ಡಬ್ಲೋ ಶುರು ಮಾಡಿದಾಗ ಮಧ್ಯದ ಹಳಿಗೆ ಒಂದು ತಂತಿ, ಪಕ್ಕದ ಎರಡೂ ಹಳಿ ಸೇರಿ ಇನ್ನೊಂದು ತಂತಿ, ಹಿಂಗೆ ಮಾಡಿದ್ರು, ಎರಡು ಹಳಿದು ಬಂದಿದ್ದು 1959ರಲ್ಲಿ. ಮೂರು ಹಳಿ ಇಂಜಿನ್ನಿನ ಗಾಲಿ, ಆಕ್ಸಲ್ ಎಲ್ಲಾ ಲೋಹ, ಮಧ್ಯೆ ಇನ್ಸುಲೇಶನ್ ಇಲ್ಲ, ನಿಮ್ಮ ಹೊಸ ಹಳಿಗಳನ್ನ ಅದು ನೇರ ಸೇರಿಸಿಬಿಡುತ್ತೆ. ಇಂಜಿನ್ನು ಕೆಟ್ಟಿಲ್ಲ. ಹಳೇ ಮೂರು ಹಳಿ ಟ್ರ್ಯಾಕ್ ಹುಡುಕಿ, ಸಿಗೋ ತನಕ ಒಂದು ತಂತಿ ಹೊಟ್ಟೆ ತಗಡಿಗೂ ಒಂದು ಚಾಸಿಗೂ ಮುಟ್ಟಿಸಿ ಮೋಟಾರ್ ಟೆಸ್ಟ್ ಮಾಡಬಹುದು.

ಇದೇ ಜಾಗದಲ್ಲಿ ಇನ್ನೊಂದು ಹೇಳಿಬಿಡ್ತೀನಿ, ಹಾಸನದಿಂದ ಒಬ್ಬ ಹುಡುಗ ಜರ್ಮನಿಯ ಮ್ಯಾರ್ಕ್ಲಿನ್ ಇಂಜಿನ್ ಬಗ್ಗೆ ಕೇಳಿದ್ದಾನೆ. ಪುಟ್ಟ, ಅದು ಎಸಿ ಮೇಲೆ ಓಡೋದು, 16 ವೋಲ್ಟ್ ತನಕ, ದಿಕ್ಕು ಬದಲಾಯಿಸೋಕೆ ಒಂದು ಕ್ಷಣ 24 ವೋಲ್ಟ್ ಹೊಡೆದ್ರೆ ಒಳಗಿನ ರಿಲೇ ಟಕ್ ಅಂತ ತಿರುಗುತ್ತೆ. ಹಳೇ ಮಾದರಿಗಳಲ್ಲಿ ಮ್ಯಾಗ್ನೆಟ್ಟೇ ಇಲ್ಲ, ಆ ಜಾಗದಲ್ಲಿ ಕಾಯಿಲ್ ಇರುತ್ತೆ, ಹಂಗಾಗಿ ಬಿಚ್ಚಿದ್ರೆ ಶಕ್ತಿ ಇಳಿಯೋ ಭಯ ಇಲ್ಲ. ಚಪ್ಪಟೆ ಕಮ್ಯುಟೇಟರ್ ಇರೋದ್ರಲ್ಲಿ ಒಂದು ಬ್ರಶ್ ಕಾರ್ಬನ್ನು, ಇನ್ನೊಂದು ತಾಮ್ರದ ಬಲೆ ಸುತ್ತಿದ್ದು ಇರುತ್ತೆ, ಒಂದು ಬ್ರಶ್ ಬೇರೆ ಥರ ಇದೆ ಯಾರೋ ತಪ್ಪು ಹಾಕಿದ್ದಾರೆ ಅಂದ್ಕೊಂಡು ಎರಡೂ ಒಂದೇ ಥರ ಹಾಕ್ಬೇಡ. ಆ ಟ್ರಾನ್ಸ್‌ಫಾರ್ಮರನ್ನ ಮಾತ್ರ ಟ್ರೈ-ಆಂಗ್, ಹಾರ್ನ್‌ಬಿ ಹಳಿಗೆ ಕೊಡಲೇಬಾರದು, ಎಸಿ ಬಿದ್ರೆ ಆ ಮೋಟಾರು ನಿಂತಲ್ಲೇ ನಡುಗುತ್ತೆ, ಬಿಸಿಯಾಗುತ್ತೆ.

ಪ್ರಶ್ನೆ: ನಂದೂ ವೈಂಡಿಂಗ್ ಅಂಗಡಿನೇ ಅಣ್ಣ. ಗಿರಾಕಿಯೊಬ್ರು ಇಂಥ ಮೋಟಾರು ತಂದಿದ್ದಾರೆ, ಕೈಲಿ ತಿರುಗಿಸಿದ್ರೆ ಓಡುತ್ತೆ, ನಿಲ್ಲಿಸಿ ಮತ್ತೆ ಕರೆಂಟ್ ಕೊಟ್ರೆ ಕೆಲವು ಸಲ ಏಳಲ್ಲ. ಬ್ರಶ್ ಹೊಸದು, ಕಮ್ಯುಟೇಟರ್ ಕ್ಲೀನಿದೆ. ರಿವೈಂಡ್ ಮಾಡಬಹುದಾ? (ಕಡೂರಿಂದ)

ಉತ್ತರ: ನಮ್ಮ ಕಸುಬಿನವರೇ ಬರೆದ್ರಿ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ರಿವೈಂಡ್ ಮಾತು ಆಮೇಲೆ, ಮೊದಲು ಅಳತೆ. ಬ್ರಶ್ ಎರಡೂ ಎತ್ತಿ, ಮಲ್ಟಿಮೀಟರ್ ಓಮ್ಸಲ್ಲಿಟ್ಟು ಕಮ್ಯುಟೇಟರ್ ತುಂಡುಗಳ ಮಧ್ಯೆ ಜೋಡಿ ಜೋಡಿಯಾಗಿ ಮೂರು ಸಲ ನೋಡಿ. ಮೂರೂ ಒಂದೇ ಬರಬೇಕು. ಮೂರು ಸುರುಳಿ ಡೆಲ್ಟಾ ಥರ, ಅಂದ್ರೆ ತ್ರಿಕೋನದಲ್ಲಿ, ಸೇರಿರೋದ್ರಿಂದ ನೀವು ಒಂದು ಸುರುಳಿನ ಅಳೆದ್ರೂ ಉಳಿದೆರಡು ಅದಕ್ಕೆ ಪ್ಯಾರಲಲ್ ಇರುತ್ತೆ, ಉದಾಹರಣೆಗೆ ಒಂದೊಂದು ಸುರುಳಿ 12 ಓಮ್ ಇದ್ರೆ ಮೀಟರ್ ತೋರಿಸೋದು 8. ಈಗ ಒಂದು ಸುರುಳಿ ಕಡಿದಿದ್ರೆ 8, 8, 8 ಬರೋ ಜಾಗದಲ್ಲಿ 24, 12, 12 ಬರುತ್ತೆ. ಅಂದ್ರೆ ಒಂದು ಅಳತೆ ಉಳಿದೆರಡರ ಎರಡರಷ್ಟಿದ್ರೆ, ಆ ಜೋಡಿ ಮಧ್ಯದ ಸುರುಳಿನೇ ಓಪನ್. ನಿಮ್ಮ ಲಕ್ಷಣ ಕೇಳಿದ್ರೆ ನಂಗೆ ಇದೇ ಅನ್ನಿಸ್ತಿದೆ, ಮೂರಲ್ಲಿ ಒಂದು ಸುರುಳಿ ಇಲ್ಲದಿದ್ರೆ ಒಂದು ಜಾಗದಲ್ಲಿ ನಿಂತಾಗ ಏಳೋಕೆ ಬಲ ಸಾಲಲ್ಲ, ಓಡ್ತಾ ಇದ್ರೆ ಆ ಜಾಗನ ವೇಗದಲ್ಲೇ ದಾಟಿಬಿಡುತ್ತೆ. ಒಂದು ಅಳತೆ ಕಮ್ಮಿ ಬಂದ್ರೆ ಒಳಗೆ ಸುತ್ತು ಶಾರ್ಟ್ ಆಗಿದೆ. ಜೊತೆಗೆ ಪ್ರತೀ ತುಂಡಿಂದ ಶಾಫ್ಟಿಗೂ ನೋಡಿ, ಏನೂ ತೋರಿಸಬಾರದು, ತೋರಿಸಿದ್ರೆ ಅರ್ತ್ ಆಗಿದೆ.

ಓಪನ್ ಅಂತ ಬಂದ ತಕ್ಷಣ ತಂತಿ ಕತ್ತರಿಸಬೇಡಿ. ಬಹಳ ಸಲ ಸುರುಳಿ ಸರಿಯಾಗೇ ಇದ್ದು, ಕಮ್ಯುಟೇಟರ್ ಕಿವಿಗೆ ಬೆಸೆದ ಜಾಗದಲ್ಲಿ ತಂತಿ ಬಿಟ್ಟಿರುತ್ತೆ. ಭೂತಗನ್ನಡಿ ಇಟ್ಟು ನೋಡಿ, ಎನಾಮೆಲ್ ಕೆರೆದು ಸಣ್ಣ ಮೊನೆ ಐರನ್ನಲ್ಲಿ ಒಂದು ಕ್ಷಣ ಬೆಸುಗೆ ಮುಟ್ಟಿಸಿದ್ರೆ ಆಯ್ತು. ಬಿಸಿ ಜಾಸ್ತಿ ಹೊತ್ತು ಕೊಟ್ರೆ ತಾಮ್ರದ ತುಂಡು ಸಡಿಲ ಆಗುತ್ತೆ, ಆಸಿಡ್ ಫ್ಲಕ್ಸ್ ಬೇಡ, ರಾಳದ್ದೇ ಹಾಕಿ.

ರಿವೈಂಡೇ ಗತಿ ಆದ್ರೆ, ಸುಡದೇ ಇರೋ ಒಂದು ಹಲ್ಲಿನ ತಂತಿನ ಒಂದೊಂದೇ ಸುತ್ತು ಎಣಿಸ್ತಾ ಬಿಚ್ಚಿ, ಸುತ್ತಿದ ದಿಕ್ಕು ಬರ್ಕೊಳ್ಳಿ, ತಂತಿ ದಪ್ಪ ಮೈಕ್ರೋಮೀಟರಲ್ಲಿ ಎನಾಮೆಲ್ ತೆಗೆದು ಅಳೀರಿ. ಮೂರು ಹಲ್ಲಿಗೂ ಸುತ್ತು ಒಂದೂ ಹೆಚ್ಚುಕಮ್ಮಿ ಆಗಬಾರದು, ಆದ್ರೆ ತೂಕ ತಪ್ಪಿ ಇಂಜಿನ್ ಕುಣಿಯುತ್ತೆ. ಪಂಪಿನ ತಂತಿ ಎಳೆದಂಗೆ ಎಳೆದ್ರೆ ಇದು ಕೂದಲಂಗೆ ಕಿತ್ತು ಬರುತ್ತೆ. ವಾರ್ನಿಷ್ ತೆಳ್ಳಗೆ, ಕಮ್ಯುಟೇಟರಿಗೆ ಹತ್ತದಂಗೆ. ಮತ್ತೆ ಒಂದು ವಿಷಯ, ಆರ್ಮೇಚರ್ ಹೊರಗೆ ತೆಗೆಯೋ ಮುಂಚೆ ಮ್ಯಾಗ್ನೆಟ್ಟಿನ ಎರಡು ಕಡೆಗೂ ಸೇರೋ ಹಂಗೆ ಒಂದು ಕಬ್ಬಿಣದ ತುಂಡು ಸೇತುವೆ ಥರ ಇಟ್ಟು, ಆಮೇಲೆ ತೆಗೀರಿ. ಮೇಲಿನ ಸಕಲೇಶಪುರದವರ ಉತ್ತರ ಓದಿ. ಎಕ್ಸ್-04 ಆದ್ರೆ ಗಿರಾಕಿಗೆ ಹೊಸ ಆರ್ಮೇಚರ್ ತರಿಸೋದೇ ಕಮ್ಮಿ ಖರ್ಚು, ಅದನ್ನ ಅವರಿಗೆ ಮುಂಚೆನೇ ಹೇಳೋದು ನ್ಯಾಯ. ಬಿಡಿಭಾಗ ಸಿಗದ ಅಪರೂಪದ್ದಾದ್ರೆ ಮಾತ್ರ ಕೂತು ಸುತ್ತಿ, ಅಂಥದನ್ನ ಎಬ್ಬಿಸಿದ ದಿನ ಊಟ ಬೇಡ ಅನ್ನಿಸುವಷ್ಟು ತೃಪ್ತಿ ಸಿಗುತ್ತೆ.

ಪ್ರಶ್ನೆ: ಯಾವ ಎಣ್ಣೆ ಹಾಕಬೇಕು? ಮನೇಲಿ ಕೊಬ್ಬರಿ ಎಣ್ಣೆ, ಹರಳೆಣ್ಣೆ ಇದೆ, ಪೆಟ್ರೋಲಲ್ಲಿ ತೊಳೆದು ಹಾಕಲಾ? (ಬೇಲೂರಿಂದ ಒಬ್ಬ ತಾಯಿ, ಮಗನ ಪರವಾಗಿ)

ಉತ್ತರ: ಅಮ್ಮ, ಎರಡೂ ಬೇಡ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಲ್ಲೇ ಗಟ್ಟಿ ಆಗೋಕೆ ಶುರುವಾಗುತ್ತೆ, ನಮ್ಮ ಕಡೆ ಚಳಿಗಾಲದ ಬೆಳಿಗ್ಗೆ ಬಾಟ್ಲಿ ಬಿಸಿಲಲ್ಲಿ ಇಡ್ತೀವಲ್ಲ, ಬುಷ್ಷಿನೊಳಗೂ ಅದೇ ಆಗುತ್ತೆ. ಹರಳೆಣ್ಣೆ ದಿನ ಕಳೆದಂಗೆ ಅಂಟು. ಹೊಲಿಗೆ ಮೆಶಿನ್ ಎಣ್ಣೆ ಸಾಕು, ಸೂಜಿ ಮೊನೆಲಿ ಒಂದು ಹನಿ. ಗೇರಿಗೆ ಮಾತ್ರ ಚೂರು ಬಿಳಿ ಗ್ರೀಸು, ಪ್ಲಾಸ್ಟಿಕ್ಕಿಗೆ ಆಗುತ್ತೆ ಅಂತ ಬರೆದಿರೋದು. ಪೆಟ್ರೋಲು, ಥಿನ್ನರು ಮಗುವಿನ ಕೈಗೆ ಕೊಡಲೇಬೇಡಿ, ಬ್ರಶ್ಶಿಂದ ಕಿಡಿ ಹಾರುತ್ತೆ, ಅಲ್ಲದೆ ಥಿನ್ನರ್ ಬಾಡಿ ಪ್ಲಾಸ್ಟಿಕ್ಕನ್ನೇ ಕರಗಿಸುತ್ತೆ. ಐಸೋಪ್ರೊಪೈಲನ್ನೂ ಪೇಂಟ್ ಇರೋ ಕಡೆ ತಾಗಿಸಬೇಡಿ, ಅದು ಪೂರ್ತಿ ಆರಿದ ಮೇಲೇ ಕರೆಂಟು. ತುಕ್ಕು ಬಿಡಿಸೋ ಸ್ಪ್ರೇ ಮೋಟಾರೊಳಗೆ ಹೊಡೆಯೋದೂ ಬೇಡ, ಎಲ್ಲಾ ಕಡೆ ಹರಡಿ ಕಮ್ಯುಟೇಟರ್ ಮೇಲೆ ಪದರ ಕಟ್ಟುತ್ತೆ.

ಪ್ರಶ್ನೆ: ಪೆಟ್ಟಿಗೆ ಜೊತೆ ಹಳೇ ಟ್ರಾನ್ಸ್‌ಫಾರ್ಮರೂ ಇದೆ, ಬಟ್ಟೆ ಸುತ್ತಿದ ವೈರು. ಅದನ್ನೇ ಬಳಸಲಾ? (ಇಬ್ಬರು ಕೇಳಿದ್ದಾರೆ, ಆಲೂರು ಮತ್ತು ಕಳಸದಿಂದ)

ಉತ್ತರ: ಬೇಡ. ಆ ಬಟ್ಟೆಯೊಳಗಿನ ರಬ್ಬರ್ ಒಣಗಿ ಪುಡಿಯಾಗಿರುತ್ತೆ, ಗೋಡೆಯ 230 ವೋಲ್ಟು ತಗಡಿನ ಡಬ್ಬಿಗೆ ಬಂದ್ರೆ ಅದನ್ನ ಮುಟ್ಟೋದು ಮಗು. ನೋಡೋಕೆ ಚೆಂದ ಅಂತ ಶೋಕೇಸಲ್ಲಿಡಿ, ಪ್ಲಗ್ ಕತ್ತರಿಸಿ ಇಡಿ. ಓಡಿಸೋಕೆ 12 ವೋಲ್ಟ್ ಡಿಸಿ, ಒಂದು ಆಂಪಿಯರಿನ ಹೊಸ ಕಂಟ್ರೋಲರ್, ಶಾರ್ಟ್ ಆದ್ರೆ ತಾನೇ ಕಟ್ ಆಗೋ ಥರದ್ದು ತಗೊಳ್ಳಿ.

ಪ್ರಶ್ನೆ: ಮಾಮ, ನಾನು ಎಂಜಿನಿಯರಿಂಗ್ ಓದ್ತಿದ್ದೀನಿ, ರೈಲು ಅಂದ್ರೆ ಪ್ರಾಣ. ಇಂಗ್ಲಿಷ್ ಇಂಜಿನ್ನು ಜರ್ಮನ್ ಇಂಜಿನ್ನು ಒಂದೇ 16.5 ಮಿಲಿಮೀಟರ್ ಹಳಿ ಮೇಲೆ ಓಡುತ್ತೆ, ಆದ್ರೆ ಇಂಗ್ಲಿಷಿಂದು ದಪ್ಪ ಕಾಣುತ್ತೆ ಯಾಕೆ? (ಚಿಕ್ಕಮಗಳೂರಿಂದ ಒಬ್ಬ ವಿದ್ಯಾರ್ಥಿನಿ)

ಉತ್ತರ: ಬಹಳ ಒಳ್ಳೇ ಪ್ರಶ್ನೆ ಮಗಳೇ, ಇದಕ್ಕೆ ಕಾರಣನೂ ಮೋಟಾರೇ. ಜರ್ಮನಿಯವರ ಎಚ್ಓ ಅನ್ನೋ ಅಳತೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು, ಇಂಗ್ಲಿಷಿನ ಡಬಲ್ ಓ 76ರಲ್ಲಿ ಒಂದು ಪಾಲು. ಬ್ರಿಟನ್ನಿನ ಸುರಂಗ, ಸೇತುವೆ ಚಿಕ್ಕವು, ಹಂಗಾಗಿ ಅಲ್ಲಿನ ನಿಜವಾದ ಇಂಜಿನ್‌ಗಳೇ ಸಣ್ಣ ಮೈಯವು, ಅದನ್ನ 87ಕ್ಕೆ ಇಳಿಸಿದ್ರೆ ಆ ಕಾಲದ ಮೋಟಾರು ಬಾಯ್ಲರ್ ಒಳಗೆ ಹಿಡೀತಿರಲಿಲ್ಲ. ಹಳಿ ಹಂಗೇ ಇಟ್ಕೊಂಡು ಮೈಯನ್ನ ಮಾತ್ರ ಒಂದು ಸೈಜ್ ದೊಡ್ಡದು ಮಾಡಿದ್ರು. ಅದಕ್ಕೇ ಡಬಲ್ ಓ ಇಂಜಿನ್ನು ಲೆಕ್ಕಕ್ಕೆ ನೋಡಿದ್ರೆ ಕಿರಿದಾದ ಹಳಿ ಮೇಲೆ ನಿಂತಿರುತ್ತೆ.

ನಮ್ಮ ಲೆಕ್ಕ ಮಾಡಿ ನೋಡು, ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರು, 87ರಿಂದ ಭಾಗಿಸಿದ್ರೆ 19.3 ಹತ್ರ ಬರುತ್ತೆ, ಮೀಟರ್ ಗೇಜ್ ಆದ್ರೆ 11.5. ಸಕಲೇಶಪುರ ಘಾಟಿಲಿ 1979ರಲ್ಲಿ ಶುರುವಾದಾಗ ಇದ್ದ ಮೀಟರ್ ಗೇಜ್ ಲೈನ್ ಮಾಡೆಲ್ ಮಾಡ್ಬೇಕು ಅಂದ್ರೆ 12 ಮಿಲಿಮೀಟರ್ ಹಳಿ ಹತ್ರದ್ದು. ಸುಬ್ರಹ್ಮಣ್ಯ ರೋಡ್ ತನಕ 57 ಸುರಂಗ ಇದೆ, ಟೇಬಲ್ ಮೇಲೆ ಎರಡು ಮಾಡಿದ್ರೂ ಸಾಕು. ನೀನು ಮಾಡು, ಮೋಟಾರ್ ಕೆಲಸಕ್ಕೆ ನಾನಿದ್ದೀನಿ.

ಪ್ರಶ್ನೆ: ಎರಡನೇ ಮಹಾಯುದ್ಧಕ್ಕಿಂತ ಮುಂಚಿನ ಇಂಜಿನ್ನು, ಮೋಟಾರ್ ಚೆನ್ನಾಗಿದೆ, ಆದ್ರೆ ಚಾಸಿ ತಾನಾಗೇ ಬಿರುಕು ಬಿಟ್ಟು ಉಬ್ಬಿ ಗಾಲಿ ಬಿಗಿ ಆಗಿದೆ. ಮಳೆಗಾಲದ ತೇವ ಕಾರಣನಾ? (ಶೃಂಗೇರಿಯಿಂದ)

ಉತ್ತರ: ತೇವ ಜಾಸ್ತಿ ಮಾಡಿರುತ್ತೆ, ಆದ್ರೆ ಬೇರು ಬೇರೆ. ಆ ಎರಕ ಮಜಾಕ್ ಅನ್ನೋ ಸತುವಿನ ಮಿಶ್ರಲೋಹ, ಎರಕ ಹೊಯ್ವಾಗ ಅದರಲ್ಲಿ ಸೀಸ ಸ್ವಲ್ಪ ಬೆರೆತಿದ್ರೂ ವರ್ಷ ಕಳೆದಂಗೆ ಒಳಗಿಂದಲೇ ಉಬ್ಬಿ ಒಡೀತಾ ಹೋಗುತ್ತೆ. ಇದಕ್ಕೆ ಔಷಧ ಇಲ್ಲ, ಅಂಟು ಹಾಕಿದ್ರೂ ನಿಲ್ಲಲ್ಲ. ಮೋಟಾರನ್ನ ಈಗಲೇ ಜೋಪಾನವಾಗಿ ಹೊರಗೆ ತೆಗೆದಿಡಿ, ಚಾಸಿ ಇನ್ನೂ ಉಬ್ಬಿದ್ರೆ ಅದನ್ನೂ ಕಚ್ಕೊಳ್ಳುತ್ತೆ. ಬೇರೆ ಇಂಜಿನ್ನುಗಳಿಗೆ ಇದು ಅಂಟೋ ರೋಗ ಅಲ್ಲ.

ಮಲೆನಾಡಿನವರೆಲ್ಲಾ ಕೇಳಿದ್ದೀರಿ, ಹೆಂಗಿಡಬೇಕು ಅಂತ. ಜೂನ್‌ಗಿಂತ ಮುಂಚೆ ಆಕ್ಸಲ್ಲಿಗೆ ಎಣ್ಣೆ ಕೈ ಸವರಿ, ಗಾಳಿ ಆಡದ ಸ್ಟೀಲ್ ಡಬ್ಬಿಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಸುತ್ತಿದ್ರೆ ಒಳಗಿನ ತೇವ ಒಳಗೇ ಉಳಿದು ಬೂಷ್ಟು ಬರುತ್ತೆ. ಹಳೇ ರಟ್ಟಿನ ಪೆಟ್ಟಿಗೆಗೆ ಬೆಲೆ ಇದೆ, ಅದನ್ನ ಬೇರೆ ಒಣ ಜಾಗದಲ್ಲಿಡಿ. ತಿಂಗಳಿಗೊಂದು ಸಲ ಐದು ನಿಮಿಷ ಓಡಿಸಿ.

ಪ್ರಶ್ನೆ: ನಮ್ಮ ಯಜಮಾನ್ರು ತೀರ್ಕೊಂಡು ನಾಲ್ಕು ವರ್ಷ ಆಯ್ತು. ಅವರ ರೈಲನ್ನ ಮೊಮ್ಮಗ ಓಡಿಸ್ತಾನೆ. ಮುಂದಕ್ಕೆ ಚೆನ್ನಾಗಿ ಹೋಗುತ್ತೆ, ಹಿಂದಕ್ಕೆ ಮಾತ್ರ ಕಿರ್ರ್ ಅಂತ ನಿಧಾನ. ಅವರಿದ್ದಾಗ ಎರಡೂ ಕಡೆ ಓಡ್ತಿತ್ತು. (ಕೊಪ್ಪದಿಂದ)

ಉತ್ತರ: ಅಮ್ಮ, ಇದು ಸರಿ ಹೋಗೋ ತೊಂದರೆ. ವರ್ಮ್ ಗೇರು ಸ್ಕ್ರೂ ಇದ್ದಂಗೆ, ಮುಂದಕ್ಕೆ ಓಡ್ವಾಗ ಶಾಫ್ಟನ್ನ ಒಂದು ಕಡೆ ಒತ್ತುತ್ತೆ, ಹಿಂದಕ್ಕೆ ಓಡ್ವಾಗ ಇನ್ನೊಂದು ಕಡೆ ಎಳೆಯುತ್ತೆ. ಬುಷ್ ಸವೆದು ಶಾಫ್ಟು ಜಾಸ್ತಿ ಆಡ್ತಾ ಇದ್ರೆ, ಹಿಂದಕ್ಕೆ ಹೋಗ್ವಾಗ ಆರ್ಮೇಚರು ಜರುಗಿ ಎಲ್ಲೋ ಉಜ್ಜುತ್ತೆ, ಆ ಕಿರ್ರ್ ಅದೇ. ಮೊಮ್ಮಗನಿಗೆ ಹೇಳಿ, ವರ್ಮ್ ಹಿಡಿದು ಉದ್ದಕ್ಕೆ ಮೆತ್ತಗೆ ಎಳೆದು ತಳ್ಳಿ ನೋಡಲಿ, ಕಂಡೂ ಕಾಣದಷ್ಟು ಆಡಬೇಕು, ಟಕ ಟಕ ಅಂದ್ರೆ ಜಾಸ್ತಿ. ತೆಳ್ಳನೆ ಫೈಬರ್ ವಾಷರ್ ಒಂದು ಹಾಕಿದ್ರೆ ನಿಲ್ಲುತ್ತೆ, ಕೆಲವು ಡಬ್ಲೋ ಮೋಟಾರಲ್ಲಿ ಇದಕ್ಕೇ ಅಂತ ಹಿಂದೆ ಸ್ಕ್ರೂ ಇರುತ್ತೆ, ಕಾಲು ಸುತ್ತು ಬಿಗಿ ಮಾಡಿದ್ರೆ ಆಯ್ತು. ಬಹಳ ವರ್ಷ ಒಂದೇ ದಿಕ್ಕಿಗೆ ಓಡಿದ್ರೆ ಬ್ರಶ್ ಆ ಕಡೆಗೇ ಸವೆದಿರೋದೂ ಉಂಟು, ಹಂಗಾಗಿದ್ರೆ ಬೋಗಿ ಇಲ್ಲದೆ ಹಿಂದಕ್ಕೆ ದಿನಾ ಹತ್ತು ನಿಮಿಷ ಓಡಿಸಲಿ, ವಾರದಲ್ಲಿ ಕೂತ್ಕೊಳ್ಳುತ್ತೆ. ವಾಷರ್ ಹಾಕೋಕೆ ಮ್ಯಾಗ್ನೆಟ್ ಬಿಚ್ಚಬೇಕಾಗಿ ಬಂದ್ರೆ ಅಲ್ಲಿಗೇ ನಿಲ್ಲಿಸಿ ಹಂಗೇ ಡಬ್ಬಿಲಿ ಹಾಕಿ ಈ ಪತ್ರಿಕೆ ವಿಳಾಸಕ್ಕೆ ಒಂದು ಪತ್ರ ಬರೀರಿ, ನಿಮ್ಮ ಕಡೆ ಪಂಪ್ ಕೆಲಸಕ್ಕೆ ಬಂದಾಗ ನಾನೇ ಮನೆಗೆ ಬಂದು ಮೊಮ್ಮಗನ ಎದುರಿಗೇ ಮಾಡಿಕೊಡ್ತೀನಿ, ಅವನೂ ಕಲೀಲಿ.